ಅನ್ನ, ಬೆಲ್ಲ ಮತ್ತು ಓಹ್ರಿಡ್‌ನ ಚಿನ್ನ

2017ರಲ್ಲಿ ನೆಂಟರ ಹುಡುಗನೊಬ್ಬನನ್ನು ಹಾಸ್ಟೆಲಿಗೆ ಬಿಟ್ಟು ಬರಲು ಮಣಿಪಾಲಕ್ಕೆ ಹೋಗಿದ್ದೆ. ವಾಪಸು ಕೊಲ್ಲೂರಿಗೆ ಹೊರಡಲು ಇನ್ನೂ ಹೊತ್ತಿತ್ತು. ಇಲ್ಲಿ ದೃಷ್ಟಿ ಇಲ್ಲದವರ ಏಷ್ಯಾ ಚದುರಂಗ ಚಾಂಪಿಯನ್‌ಷಿಪ್ ನಡೆಯುತ್ತಿದೆ, ಬೇಕಾದರೆ ಹೋಗಿ ನೋಡಿ ಎಂದು ಹುಡುಗನ ಗೆಳೆಯ ದಾರಿ ತೋರಿಸಿದ. ಚದುರಂಗದ ಪಂದ್ಯ ನಡೆಯುವ ಜಾಗವೆಂದರೆ ಗರ್ಭಗುಡಿಯ ಹಾಗೆ, ಕೆಮ್ಮಿದರೂ ನಾಲ್ಕು ಜನ ತಿರುಗಿ ನೋಡುತ್ತಾರೆ ಎಂಬುದು ನನಗೆ ಗೊತ್ತಿದ್ದ ಸಂಗತಿ. ಚಪ್ಪಲಿ ಸದ್ದಾಗದಂತೆ ಬಾಗಿಲು ದೂಡಿದೆ. ಒಳಗೆ ಜೇನುಗೂಡಿನ ಗುಂಯ್‌ಗುಡುವಿಕೆ. ಪ್ರತಿ ಮೇಜಿನಲ್ಲೂ ಆಟಗಾರರು ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದರು, ಎದುರಿಗೆ ಕುಳಿತವರು ಅದನ್ನೇ ಮತ್ತೆ ಹೇಳುತ್ತಿದ್ದರು. ಕಿವಿ ಹೊಂದಿಕೊಂಡ ಮೇಲೆ ಮಾತುಗಳು ಬಿಡಿಬಿಡಿಯಾಗಿ ಕೇಳಿದವು. ಬಲಗಡೆಯ ಮೇಜಿನಿಂದ "ಅನ್ನಾ", ಕಿಟಕಿಯ ಪಕ್ಕದಿಂದ "ಬೆಲ್ಲಾ", ಮತ್ತೆ "ಅನ್ನಾ".

ಏಷ್ಯಾದ ಬೇರೆ ದೇಶಗಳಿಂದ ಬಂದವರು, ಕನ್ನಡದ ಒಂದಕ್ಷರ ಕೇಳದವರು, ನಮ್ಮ ಮನೆಯ ಮಧ್ಯಾಹ್ನದೂಟದ ಮಾತನ್ನು ಯಾಕೆ ಆಡುತ್ತಿದ್ದಾರೆ? ಆ ಪ್ರಶ್ನೆಯನ್ನು ಇಟ್ಟುಕೊಂಡು ಸಂಜೆಯವರೆಗೆ ಅಲ್ಲಿಯೇ ಉಳಿದೆ. ಸ್ವಯಂಸೇವಕನೊಬ್ಬ ತಾಳ್ಮೆಯಿಂದ ಬಿಡಿಸಿ ಹೇಳಿದ. ಅಂದು ಶುರುವಾದ ಕುತೂಹಲ ಇಂದಿಗೂ ತಣಿದಿಲ್ಲ.

ಚದುರಂಗದ ಮಣೆಯಲ್ಲಿ ಎಂಟು ಉದ್ದಸಾಲುಗಳು. ಬರೆಯುವಾಗ ಅವಕ್ಕೆ ಇಂಗ್ಲಿಷಿನ ಎ ಅಕ್ಷರದಿಂದ ಎಚ್ ಅಕ್ಷರದವರೆಗೆ ಗುರುತು. ಬರೆದುಕೊಂಡರೆ ತೊಂದರೆಯಿಲ್ಲ, ಬಾಯಲ್ಲಿ ಹೇಳಿದರೆ ಕಷ್ಟ. ಬಿ, ಸಿ, ಡಿ, ಜಿ ಎಲ್ಲ ಒಂದೇ ಬಗೆಯಲ್ಲಿ ಕೇಳುತ್ತವೆ. ಒಂದು ಅಕ್ಷರ ತಪ್ಪಾಗಿ ಕೇಳಿದರೆ ಇಡೀ ಆಟವೇ ಬೇರೆಯಾಗುತ್ತದೆ. ಹಾಗಾಗಿ ಒಂದೊಂದು ಸಾಲಿಗೂ ಒಂದೊಂದು ಹೆಸರು: ಅನ್ನಾ, ಬೆಲ್ಲಾ, ಸೀಸರ್, ಡೇವಿಡ್, ಎವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್. ಅಂಕಿಗಳನ್ನು ಜರ್ಮನ್ ಭಾಷೆಯಲ್ಲಿ ಹೇಳುವುದು ವಾಡಿಕೆ: ಐನ್ಸ್, ಸ್ವೈ, ದ್ರೈ, ಫೀರ್. ಕಾಯಿಗಳ ಹೆಸರೂ ಜರ್ಮನ್. ನಾವು ಆನೆ ಎನ್ನುವುದು ಅವರಿಗೆ ಟುರ್ಮ್, ಅಂದರೆ ಗೋಪುರ. ನಮ್ಮ ಒಂಟೆ ಅವರಿಗೆ ಲಾಯ್ಫರ್, ಓಡುವವನು. ಕುದುರೆ ಶ್ಪ್ರಿಂಗರ್, ನೆಗೆಯುವವನು. ಪದಾತಿಗೆ ಬವರ್ ಎನ್ನುತ್ತಾರೆ, ಅದರ ಅರ್ಥ ಬೇಸಾಯಗಾರ. ನಮ್ಮ ಮಣೆಯಲ್ಲಿ ಕತ್ತಿ ಹಿಡಿದು ಮುಂದೆ ನಿಂತವನು ಅಲ್ಲಿ ನೇಗಿಲು ಹಿಡಿದವನು ಎಂದು ತಿಳಿದಾಗ ಖುಷಿಯಾಯಿತು.

ಈ ಜರ್ಮನ್ ಮಾತು ಸುಮ್ಮನೆ ಬಂದು ಸೇರಿದ್ದಲ್ಲ. ಅಂಧರ ಚದುರಂಗ ಅಂತರರಾಷ್ಟ್ರೀಯ ಆಟವಾಗಿ ಕಣ್ಣು ಬಿಟ್ಟದ್ದು ಯುರೋಪಿನಲ್ಲಿ, ಅದೂ ಮೊದಲು ಅಂಚೆಯ ಮೂಲಕ. ಇಂಗ್ಲೆಂಡಿನ ವುಸ್ಟರ್ ಎಂಬ ಊರಿನ ಅಂಧ ಹುಡುಗರ ಶಾಲೆಯಲ್ಲಿ ರೆಜಿನಾಲ್ಡ್ ಬೊನಮ್ ಎಂಬ ಮೇಷ್ಟ್ರಿದ್ದರು. ಸ್ವತಃ ದೃಷ್ಟಿ ಕಳೆದುಕೊಂಡವರು. 1934ರಲ್ಲಿ ಅವರು ಬ್ರೈಲ್ ಲಿಪಿಯಲ್ಲಿ ಒಂದು ಚದುರಂಗ ಪತ್ರಿಕೆ ಹೊರಡಿಸಿದರು. ಬೇರೆ ಬೇರೆ ದೇಶಗಳ ಅಂಧ ಆಟಗಾರರು ಒಬ್ಬರ ವಿಳಾಸ ಒಬ್ಬರು ತಿಳಿದುಕೊಂಡು, ದಪ್ಪ ಕಾಗದದ ಮೇಲೆ ಚುಕ್ಕಿ ಚುಚ್ಚಿ, ಒಂದು ನಡೆಯನ್ನು ಲಕೋಟೆಗೆ ಹಾಕಿ ಕಳಿಸುತ್ತಿದ್ದರು. ಉತ್ತರ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು. ಒಂದು ಆಟ ಮುಗಿಯುವ ಹೊತ್ತಿಗೆ ಮಕ್ಕಳು ಒಂದೆರಡು ತರಗತಿ ಮುಂದೆ ಹೋಗಿರುತ್ತಿದ್ದರು. ಕಾಗದದ ಮೇಲೆ ಬೆರಳಾಡಿಸಿ ಓದಿದ ನಡೆಯನ್ನು ಮನೆಯ ಮಣೆಯ ಮೇಲೆ ಇಟ್ಟು, ಮುಂದಿನ ಅಂಚೆಯವರೆಗೆ ಆ ಸ್ಥಿತಿಯನ್ನು ಹಾಗೆಯೇ ಕಾಪಾಡಿಕೊಳ್ಳಬೇಕು. ಆ ಅಂಚೆಯ ಗೆಳೆತನ ಮುಂದೆ ಸಂಘಟನೆಯಾಯಿತು. 1961ರಲ್ಲಿ ಜರ್ಮನಿಯ ಮೆಶೆಡೆ ಪಟ್ಟಣದಲ್ಲಿ ಅಂಧರ ಮೊದಲ ಚದುರಂಗ ಒಲಿಂಪಿಯಾಡ್ ನಡೆಯಿತು. ಅಲ್ಲಿಂದ ಮುಂದಿನ ಐವತ್ತು ವರ್ಷಗಳ ಕಥೆ ಯಾರು ಗೆದ್ದರು, ಯಾವ ಊರಿನಲ್ಲಿ ಆಡಿದರು ಎಂಬ ಪಟ್ಟಿ. ಅದನ್ನು ಇಲ್ಲಿ ಬಿಡಿಸುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಣೆ.

ಮಣಿಪಾಲದಲ್ಲಿ ಆಟವಿಲ್ಲದ ಒಂದು ಮೇಜಿನ ಬಳಿ ಆ ಸ್ವಯಂಸೇವಕ ನನ್ನ ಕೈ ಹಿಡಿದು ಮಣೆಯ ಮೇಲಿಟ್ಟ. ಕಣ್ಣು ಮುಚ್ಚಿ ನೋಡಿ ಎಂದ. ಕಪ್ಪು ಮನೆಗಳು ಬಿಳಿ ಮನೆಗಳಿಗಿಂತ ಒಂದು ಕೂದಲೆಳೆ ಎತ್ತರ. ಪ್ರತಿ ಮನೆಯ ನಡುವೆ ಒಂದು ತೂತು. ಪ್ರತಿ ಕಾಯಿಯ ಬುಡದಲ್ಲಿ ಒಂದು ಸಣ್ಣ ಗೂಟ, ಅದು ತೂತಿನೊಳಗೆ ಗಟ್ಟಿಯಾಗಿ ಕೂರುತ್ತದೆ. ಕೈ ತಾಗಿ ಕಾಯಿ ಬಿದ್ದುಹೋಗುವ ಭಯವಿಲ್ಲ. ಕಪ್ಪು ಕಾಯಿಗಳ ತಲೆಯ ಮೇಲೆ ಮೊಳೆಯ ತಲೆಯಂಥ ಗುರುತು. ಬೆರಳಿಗೆ ಅದು ತಾಗಿದರೆ ಕಪ್ಪು, ತಾಗದಿದ್ದರೆ ಬಿಳಿ. ಅಷ್ಟೇ. ಆದರೆ ಅಷ್ಟರಲ್ಲೇ ಮೂವತ್ತೆರಡು ಕಾಯಿಗಳ ಒಂದು ಲೋಕ ಬೆರಳ ತುದಿಗೆ ಬಂದು ಕೂರುತ್ತದೆ.

ನಾವು ಆಡುವ ಚದುರಂಗದಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಅದು ಕಟ್ಟುನಿಟ್ಟಿನ ನಿಯಮ. ದೃಷ್ಟಿ ಇಲ್ಲದವರಿಗೆ ಅದನ್ನೇ ಹೇರಿದರೆ ಆಟವೇ ಇಲ್ಲ, ಯಾಕೆಂದರೆ ಅವರು ನೋಡುವುದೇ ಮುಟ್ಟಿ. ಆದ್ದರಿಂದ ಅವರ ನಿಯಮದಲ್ಲಿ ಕಾಯಿಯನ್ನು ತೂತಿನಿಂದ ಮೇಲಕ್ಕೆ ಎತ್ತಿದಾಗ ಮಾತ್ರ ಅದು 'ಮುಟ್ಟಿದ' ಕಾಯಿ. ಅಲ್ಲಿಯವರೆಗೆ ಬೆರಳು ಎಲ್ಲಿ ಬೇಕಾದರೂ ಓಡಾಡಬಹುದು. ಈ ನಿಯಮವನ್ನು ಬರೆದವರು ಯಾರೇ ಇರಲಿ, ಕಣ್ಣಿನ ಕೆಲಸವನ್ನು ಬೆರಳು ಮಾಡುವುದು ಹೇಗೆಂದು ಕುಳಿತು ಯೋಚಿಸಿದವರು. ಹಳೆಯ ಮುಳ್ಳಿನ ಗಡಿಯಾರಕ್ಕೂ ಅದೇ ಕಾಳಜಿ ಸಂದಿದೆ. ಐದೈದು ನಿಮಿಷಕ್ಕೆ ಒಂದು ಉಬ್ಬಿದ ಚುಕ್ಕಿ, ಹದಿನೈದು ನಿಮಿಷಕ್ಕೆ ಎರಡು ಚುಕ್ಕಿ, ಮುಳ್ಳುಗಳು ಬೆರಳು ತಾಗಿದರೂ ಬಾಗದಷ್ಟು ಗಟ್ಟಿ. ಈಗ ಮಾತಾಡುವ ಗಡಿಯಾರಗಳು ಬಂದಿವೆ, ಒಂದು ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಸಮಯ ಹೇಳುತ್ತವೆ.

ಇನ್ನೊಂದು ವಿಶೇಷ, ಇಬ್ಬರಿಗೂ ಬೇರೆ ಬೇರೆ ಮಣೆ. ಒಬ್ಬರು ತಮ್ಮ ಮಣೆಯಲ್ಲಿ ಕಾಯಿ ನಡೆಸಿ ಬಾಯಲ್ಲಿ ಹೇಳುತ್ತಾರೆ. ಎದುರಿನವರು ಅದನ್ನು ಮರಳಿ ಹೇಳಿ ತಮ್ಮ ಮಣೆಯಲ್ಲೂ ಅದೇ ಕಾಯಿಯನ್ನು ಅದೇ ಮನೆಗೆ ಕೂರಿಸುತ್ತಾರೆ. ಅಂದರೆ ಒಂದು ಆಟ ಎರಡು ಮಣೆಗಳ ಮೇಲೆ ನಡೆಯುತ್ತದೆ, ನಡುವೆ ಇರುವುದು ಮಾತು ಮತ್ತು ನಂಬಿಕೆ.

ಆ ಸಂಜೆ ಅದೇ ಮಾತಿನ ಮೇಲೆ ಒಂದು ತಕರಾರು ನನ್ನ ಕಣ್ಣೆದುರೇ ನಡೆಯಿತು. ಒಬ್ಬ ಆಟಗಾರ ತನ್ನ ಮಂತ್ರಿಯನ್ನು ಓಡಿಸಿ ನಡೆಯನ್ನು ಘೋಷಿಸಿದ. ಎದುರಿನವನು ಮರಳಿ ಹೇಳುವ ಬದಲು ಸುಮ್ಮನಾದ. ಅವನ ಬಲಗೈ ತನ್ನ ಮಣೆಯ ಮೇಲೆ ಒಂದು ಸುತ್ತು ಹಾಕಿತು, ಮತ್ತೊಂದು ಸುತ್ತು ಹಾಕಿತು. ಆಮೇಲೆ ಕೈ ಎತ್ತಿದ. ಅವನ ಮಣೆಯಲ್ಲಿ ಆ ನಡೆ ಸಾಧ್ಯವೇ ಇರಲಿಲ್ಲ, ದಾರಿಗೆ ಅಡ್ಡವಾಗಿ ಅವನದೇ ಕುದುರೆ ನಿಂತಿತ್ತು. ಮೊದಲನೆಯವನ ಮಣೆಯಲ್ಲಿ ಅಡ್ಡಿ ಏನೂ ಇರಲಿಲ್ಲ. ಇಬ್ಬರೂ ಅಷ್ಟು ಹೊತ್ತಿನಿಂದ ಎರಡು ಬೇರೆ ಬೇರೆ ಆಟ ಆಡುತ್ತಿದ್ದರು!

ತೀರ್ಪುಗಾರರು ಬಂದು ಗಡಿಯಾರ ನಿಲ್ಲಿಸಿದರು. ಒಬ್ಬ ತನ್ನ ನಡೆಗಳನ್ನು ಬ್ರೈಲ್‌ನಲ್ಲಿ ಚುಚ್ಚಿಕೊಂಡಿದ್ದ, ಇನ್ನೊಬ್ಬ ಪುಟ್ಟ ರೆಕಾರ್ಡರಿನಲ್ಲಿ ಹೇಳಿ ಇಟ್ಟುಕೊಂಡಿದ್ದ. ಮೊದಲ ನಡೆಯಿಂದ ಓದುತ್ತ ಬಂದರು. ನಾಲ್ಕು ಕೈಗಳು ಎರಡು ಮಣೆಗಳ ಮೇಲೆ ಒಟ್ಟೊಟ್ಟಿಗೆ ಹೆಜ್ಜೆ ಹಾಕಿದವು. ಹದಿನೇಳನೇ ನಡೆಗೆ ಸಿಕ್ಕಿತು. ಎರಡೂ ದಾಖಲೆಗಳು ಕುದುರೆ ಡೇವಿಡ್ ಐದಕ್ಕೆ ಹೋಯಿತು ಎಂದೇ ಹೇಳುತ್ತಿದ್ದವು. ಕೈ ತಪ್ಪಿ ಒಂದು ಮಣೆಯಲ್ಲಿ ಗೂಟ ಡೇವಿಡ್ ಆರರ ತೂತಿಗೆ ಇಳಿದಿತ್ತು. ದಾಖಲೆಗಳೆರಡೂ ಒಂದೇ ಆಗಿದ್ದರೆ ಮಣೆಯನ್ನು ಸರಿಪಡಿಸಿಕೊಂಡು ಆಡಬೇಕೆಂಬುದು ನಿಯಮ. ಆ ಹುಡುಗ ಕುದುರೆಯನ್ನು ಎತ್ತಿ, ಒಂದು ಮನೆ ಹಿಂದಕ್ಕೆ ಕೂರಿಸಿ, ಅದರ ಸುತ್ತಲಿನ ಎಂಟು ಮನೆಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದ. ಅವನು ಅಷ್ಟು ಹೊತ್ತು ಹೂಡಿದ್ದ ಹಂಚಿಕೆಯೆಲ್ಲ ಆ ಒಂದು ಮನೆಯ ಅಂತರದಲ್ಲಿ ಹಾಳಾಗಿತ್ತು. ಗೊಣಗಲಿಲ್ಲ. ತಲೆಯಾಡಿಸಿ, ಮಂತ್ರಿಯ ನಡೆಯನ್ನು ಮರಳಿ ಹೇಳಿ ಆಟ ಮುಂದುವರಿಸಿದ. ಸೋತಿರಬೇಕು, ನನಗೆ ಬಸ್ಸಿನ ಹೊತ್ತಾಗಿತ್ತು.

ಬಸ್ಸಿನಲ್ಲಿ ಬರುವಾಗ ನೆನಪಾದದ್ದು ಅಮ್ಮಮ್ಮ. ನನ್ನ ತಾಯಿಯ ತಾಯಿ. ಆಸಾಡಿ ತಿಂಗಳ ಮಳೆ ಎಂದರೆ ಕೊಲ್ಲೂರಿನವರಿಗೆ ಬೇರೆ ಹೇಳಬೇಕಾಗಿಲ್ಲ. ಕೊಡಚಾದ್ರಿ ವಾರಗಟ್ಟಲೆ ಮೋಡದೊಳಗೆ ಮಾಯವಾಗುತ್ತದೆ, ಸೌಪರ್ಣಿಕೆ ಕೆಂಪಗೆ ಹರಿಯುತ್ತದೆ, ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ಆಗ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು. ಹಲಸಿನ ಮರದ್ದು, ಎರಡು ಸಾಲಿನಲ್ಲಿ ಏಳೇಳು ಕುಳಿ, ಕುಳಿಗೆ ನಾಲ್ಕರಂತೆ ಐವತ್ತಾರು ಕೆಂಪು ಮಂಜೊಟ್ಟಿ ಬೀಜ. ಅಮ್ಮಮ್ಮನಿಗೆ ಕಣ್ಣಿನ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಆದರೂ ನಾವು ಮೊಮ್ಮಕ್ಕಳು ಯಾರೂ ಅವಳನ್ನು ಸೋಲಿಸಿದ್ದಿಲ್ಲ. ಬೀಜಗಳನ್ನು ಮುಷ್ಟಿಯಿಂದ ಒಂದೊಂದಾಗಿ ಬಿಡುತ್ತ ಹೋಗುತ್ತಿದ್ದಳು, ಕುಳಿಗೆ ಬಿದ್ದ ಸದ್ದಿನಲ್ಲೇ ಅದು ಬರಿದಾಗಿತ್ತೋ ಅದರಲ್ಲಿ ಬೀಜವಿತ್ತೋ ಎಂದು ತಿಳಿಯುತ್ತಿತ್ತು. ನಾವು ಮೋಸ ಮಾಡಿ ಒಂದು ಬೀಜ ಆಚೆ ಸರಿಸಿದರೆ ತೋರುಬೆರಳು ನೇರವಾಗಿ ಆ ಕುಳಿಗೇ ಬರುತ್ತಿತ್ತು. ಹೇಗೆ ಗೊತ್ತಾಯಿತು ಎಂದರೆ ಒಂದೇ ಉತ್ತರ: "ಕಣ್ಣ್ ಎಂತಕ್ ಮಗಾ, ಬೆರ್ಳ್ ಇತ್ತಲೆ."

ಅಕ್ಕತಂಗಿಯರನ್ನು ಮಾತ್ರ ಅವಳು ಎದುರುಬದುರು ಕೂರಿಸುತ್ತಿರಲಿಲ್ಲ. ಸಿರಿಯ ಪಾಡ್ದನದ ಅಬ್ಬಗ ದಾರಗರು ಚೆನ್ನೆಮಣೆಯ ಮೇಲೆ ಜಗಳವಾಡಿ, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳಿಗೆ ಹೊಡೆದು ಸಾವಾದ ಕಥೆ ತುಳು ಸೀಮೆಯಿಂದ ಬ್ರಹ್ಮಾವರ ದಾಟಿ ನಮ್ಮ ಕಡೆಗೂ ಬಂದಿದೆ. ಒಂದು ಮಣೆಯ ಮೇಲೆ ಇಬ್ಬರ ಲೆಕ್ಕ ಹೊಂದದಿದ್ದರೆ ಏನಾಗುತ್ತದೆ ಎಂಬ ಭಯ ಆ ಕಥೆಯಲ್ಲಿದೆ. ಮಣಿಪಾಲದ ಆ ಇಬ್ಬರು ಹುಡುಗರು ತಮ್ಮ ಲೆಕ್ಕವನ್ನು ಮೊದಲಿನಿಂದ ಕೂಡಿಸಿದ ರೀತಿ ನೆನೆದಾಗಲೆಲ್ಲ ಅಬ್ಬಗ ದಾರಗರು ನೆನಪಾಗುತ್ತಾರೆ.

ಅಮ್ಮಮ್ಮನ ಮಣೆ ಈಗ ನಮ್ಮ ಮನೆಯಲ್ಲಿಲ್ಲ. ಹಳೆಯ ಸಾಮಾನು ಹುಡುಕುತ್ತ ಊರೂರು ತಿರುಗುವವರು ಒಂದು ದಿನ ಬಂದು ನಾಲ್ಕು ಕಾಸು ಕೊಟ್ಟು ಕೊಂಡೊಯ್ದರು, ನಾನು ಊರಿನಲ್ಲಿರಲಿಲ್ಲ. ಅದು ಯಾವುದೋ ರೆಸಾರ್ಟಿನ ಗೋಡೆಯಲ್ಲಿ ಅಲಂಕಾರಕ್ಕೆ ತೂಗುತ್ತಿರಬಹುದು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಬೆರಳಿನಿಂದ ಆಡುವ ಆಟವನ್ನು ಕಣ್ಣಿಗೆ ಚಂದ ಕಾಣಲೆಂದು ಮೊಳೆ ಹೊಡೆದು ನಿಲ್ಲಿಸುವುದು ದೊಡ್ಡ ಅನ್ಯಾಯ. ನಮ್ಮ ಕುಂದಾಪುರ ಸೀಮೆಯ ಎಷ್ಟು ಮನೆಗಳ ಅಟ್ಟ ಹೀಗೆ ಬರಿದಾಗಿದೆಯೋ.

ಬೆರಳಿಗೆ ಮೊದಲು ತಿಳಿದು ಆಮೇಲೆ ಕಣ್ಣಿಗೆ ತಿಳಿಯುವುದು ನಮ್ಮ ಊರಿಗೆ ಹೊಸದೇನಲ್ಲ. ವಿಜಯದಶಮಿಯ ದಿನ ಮೂಕಾಂಬಿಕೆಯ ಸನ್ನಿಧಿಯಲ್ಲಿ ವಿದ್ಯಾರಂಭ ನಡೆಯುತ್ತದೆ. ಕೇರಳದಿಂದ, ಘಟ್ಟದ ಮೇಲಿಂದ, ಕರಾವಳಿಯ ಉದ್ದಕ್ಕೂ ಜನ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಾರೆ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ಬರೆಸುತ್ತಾರೆ. ಆ ವಯಸ್ಸಿನ ಮಗುವಿನ ಕಣ್ಣು ಅಕ್ಷರದ ಮೇಲೆ ಇರುವುದಿಲ್ಲ, ಅದು ಗೋಪುರವನ್ನೋ ಅಮ್ಮನನ್ನೋ ನೋಡುತ್ತಿರುತ್ತದೆ. ಅಕ್ಷರ ಕಲಿಯುವುದು ಬೆರಳು. ಅಕ್ಕಿಯ ಕಾಳು ಚರ್ಮಕ್ಕೆ ಒತ್ತಿದ ನೆನಪಿನಲ್ಲಿ ಅಕ್ಷರ ಒಳಗೆ ಇಳಿಯುತ್ತದೆ. ಬ್ರೈಲ್ ಓದುವವರನ್ನು ಕಂಡ ಮೇಲೆ ನನಗೆ ಈ ಸಂಪ್ರದಾಯದ ಚೆಲುವು ಇನ್ನಷ್ಟು ತಿಳಿದಿದೆ.

ಚದುರಂಗವನ್ನು ಮನಸ್ಸಿನೊಳಗೇ ಆಡುವ ಮೋಹ ಕನ್ನಡಿಗರಿಗೆ ಹಳೆಯದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, ಒಂದು ಮನೆಯನ್ನೂ ಬಿಡದೆ, ಯಾವ ಮನೆಯನ್ನೂ ಎರಡನೇ ಸಲ ತುಳಿಯದೆ ಕುದುರೆಯೊಂದು 64 ಮನೆಗಳನ್ನು ಸುತ್ತಿಬರುವ ತುರಗಬಂಧಗಳನ್ನು ರಚಿಸಿದವರು. ಪಶ್ಚಿಮದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುವುದು ದೊಡ್ಡ ಪ್ರದರ್ಶನ. 2016ರ ಡಿಸೆಂಬರಿನಲ್ಲಿ ತೈಮೂರ್ ಗರೆಯೆವ್ ಎಂಬ ಗ್ರ್ಯಾಂಡ್‌ಮಾಸ್ಟರ್ ಅಮೆರಿಕದ ಲಾಸ್ ವೇಗಸ್‌ನಲ್ಲಿ ಹಾಗೆ ಏಕಕಾಲಕ್ಕೆ 48 ಜನರ ಎದುರು ಆಡಿ ವಿಶ್ವದಾಖಲೆ ಮಾಡಿದರು. ಅವರ ಸಾಧನೆಗೆ ನಾನೂ ಚಪ್ಪಾಳೆ ತಟ್ಟುತ್ತೇನೆ. ಆದರೆ ಆಟ ಮುಗಿದ ಮೇಲೆ ಬಿಚ್ಚಬಹುದಾದ ಬಟ್ಟೆಗೆ ಸಿಕ್ಕ ಸುದ್ದಿ, ಬಿಚ್ಚಲಾಗದ ಕತ್ತಲಲ್ಲಿ ಕುಳಿತು ದೇಶಕ್ಕಾಗಿ ಆಡಿದವರಿಗೆ ಸಿಕ್ಕಲಿಲ್ಲ ಎಂಬುದು ನನ್ನ ದೂರು.

ಭಾರತದಲ್ಲಿ ಈ ಆಟ ಬೇರೂರುವಂತೆ ಮಾಡಿದವರು ಮುಂಬಯಿಯ ಚಾರುದತ್ತ ಜಾಧವ್. ಹದಿಹರೆಯದಲ್ಲಿ ದೃಷ್ಟಿ ಹೋಯಿತು, ಚದುರಂಗ ಕೈಹಿಡಿಯಿತು. 1997ರಲ್ಲಿ ಅವರು ಅಖಿಲ ಭಾರತ ಅಂಧರ ಚದುರಂಗ ಒಕ್ಕೂಟ ಕಟ್ಟಿದರು. 2012ರಲ್ಲಿ ಅಂಧರ ಒಲಿಂಪಿಯಾಡ್ ಚೆನ್ನೈಗೇ ಬಂತು. ಇಯಾನ್ ಮೆಕ್‌ಡೊನಾಲ್ಡ್ ನಿರ್ದೇಶಿಸಿದ 'ಅಲ್ಗಾರಿದಮ್ಸ್' ಎಂಬ ಕಪ್ಪುಬಿಳುಪಿನ ಸಾಕ್ಷ್ಯಚಿತ್ರ ಜಾಧವ್ ಮತ್ತು ಮೂವರು ಹುಡುಗರ ಬೆನ್ನುಹತ್ತಿ ಹೋಗುತ್ತದೆ. ಊರಿನ ಮನೆಯ ಜಗಲಿಯಿಂದ ವಿದೇಶದ ಪಂದ್ಯದ ಮೇಜಿನವರೆಗೆ. ಆ ಮೂವರಲ್ಲಿ ಒಬ್ಬರಾದ ವಡೋದರದ ದರ್ಪಣ್ ಇನಾನಿ ಮುಂದೆ ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ದೃಷ್ಟಿ ಇಲ್ಲದವರು ವಿದೇಶದ ಪಂದ್ಯಕ್ಕೆ ಹೋಗುವುದೆಂದರೆ ಏನು ಎಂಬುದು ಆ ಚಿತ್ರ ನೋಡಿದ ಮೇಲೆ ಮನಸ್ಸಿಗೆ ನಾಟಿತು. ನಾವು ಪರದೇಶಕ್ಕೆ ಹೋದರೆ ಮೊದಲು ಕಣ್ಣು ಊರನ್ನು ಅಳೆಯುತ್ತದೆ. ಅವರು ಹೋಟೆಲಿನ ಮೆಟ್ಟಿಲು ಎಷ್ಟು, ಪಂದ್ಯದ ಕೋಣೆ ಎಷ್ಟು ಹೆಜ್ಜೆ, ತಮ್ಮ ಮೇಜು ಎಡಕ್ಕೋ ಬಲಕ್ಕೋ ಎಂಬುದನ್ನು ಎಣಿಸಿ ಎಣಿಸಿ ಊರನ್ನು ತಮ್ಮದಾಗಿಸಿಕೊಳ್ಳಬೇಕು. ಆಟ ಅದಾದ ಮೇಲೆ.

ಈಗ ನನ್ನ ಮೆಚ್ಚಿನ ಆಟಗಾರನ ವಿಷಯ. ಮಣಿಪಾಲದಲ್ಲಿ ಆ ಏಷ್ಯಾ ಪಟ್ಟ ಗೆದ್ದವರು ಕಿಶನ್ ಗಂಗೊಳ್ಳಿ. ಹೆಸರು ಕೇಳಿದ ಕೂಡಲೇ ನಮ್ಮ ಕಡೆಯವರ ಕಿವಿ ನೆಟ್ಟಗಾಗುತ್ತದೆ. ಗಂಗೊಳ್ಳಿ ನಮ್ಮ ಪಂಚಗಂಗಾವಳಿಯ ಬಾಯಿಯ ಬಂದರು, ಮೀನಿನ ಬೋಟುಗಳ ಊರು. ಆದರೆ ಕಿಶನ್ ಶಿವಮೊಗ್ಗದವರು. ಕೊಲ್ಲೂರಿನಿಂದ ನಾಗೋಡಿಯ ಘಾಟಿ ಹತ್ತಿ ನಗರ, ಹೊಸನಗರದ ಮೇಲೆ ಹೋದರೆ ಸಿಗುವ ಊರು. ಘಟ್ಟದ ಕೆಳಗಿನ ಹೆಸರು, ಘಟ್ಟದ ಮೇಲಿನ ಮನೆ. ಎರಡೂ ಕಡೆಯವರು ನಮ್ಮವರು ಎಂದು ಹೇಳಿಕೊಳ್ಳಲು ಇಷ್ಟು ಸಾಕು. ಹುಟ್ಟಿನಿಂದಲೇ ಅವರಿಗೆ ದೃಷ್ಟಿ ತೀರ ಮಂದ. ಅಂಧರ ಚದುರಂಗದಲ್ಲಿ ಆಟಗಾರರನ್ನು ಬಿ1, ಬಿ2, ಬಿ3 ಎಂದು ವಿಂಗಡಿಸುತ್ತಾರೆ. ಬಿ1 ಎಂದರೆ ಕೈಯ ಆಕಾರವನ್ನೂ ಗುರುತಿಸಲಾಗದವರು, ಉಳಿದೆರಡರಲ್ಲಿ ಅಲ್ಪಸ್ವಲ್ಪ ಕಾಣುವವರು. ಕಿಶನ್ ಹೀಗೆ ಅಲ್ಪಸ್ವಲ್ಪ ಕಾಣುವವರ ಗುಂಪಿನವರು. ಅಲ್ಪಸ್ವಲ್ಪ ಕಾಣುವುದು ಎಂದರೆ ಸುಲಭ ಎಂದುಕೊಳ್ಳಬೇಡಿ. ಮಣೆಯ ಮೇಲೆ ಮೂಗು ತಾಗುವಷ್ಟು ಬಾಗಿ ಗಂಟೆಗಟ್ಟಲೆ ಕುಳಿತರೆ ಕತ್ತು, ಬೆನ್ನು, ಇದ್ದಬದ್ದ ಕಣ್ಣು ಮೂರೂ ಸೋಲುತ್ತವೆ.

ಶಿವಮೊಗ್ಗದಲ್ಲಿ ಚದುರಂಗಕ್ಕೆ ಒಂದು ನೆಲೆ ಇದೆ. ತರಬೇತುದಾರ ಶ್ರೀಕೃಷ್ಣ ಉಡುಪರ ಗರಡಿಯಲ್ಲಿ ಕಿಶನ್ ಪಳಗಿದರು. ಗ್ರ್ಯಾಂಡ್‌ಮಾಸ್ಟರ್ ಆದ ಸ್ಟ್ಯಾನಿ ಕೂಡ ಅದೇ ಊರಿನವರು. ದೊಡ್ಡ ನಗರಗಳ ಅಕಾಡೆಮಿಗಳಿಂದ ದೂರದಲ್ಲಿ, ತುಂಗೆಯ ದಂಡೆಯಲ್ಲಿ ಇಂಥ ಇಬ್ಬರು ಬೆಳೆದದ್ದು ಒಬ್ಬ ಒಳ್ಳೆಯ ಮೇಷ್ಟ್ರು ಒಂದು ಊರಿಗೆ ಏನು ಮಾಡಬಲ್ಲರು ಎಂಬುದಕ್ಕೆ ಸಾಕ್ಷಿ. ರಾಷ್ಟ್ರೀಯ ಅಂಧರ ಚಾಂಪಿಯನ್‌ಷಿಪ್ಪನ್ನು ಕಿಶನ್ ಗೆದ್ದದ್ದು ಒಂದೆರಡು ಸಲವಲ್ಲ.

ಮಣಿಪಾಲದ ವರ್ಷವೇ, 2017ರಲ್ಲಿ, ಅಂಧರ ಹದಿನೈದನೇ ಒಲಿಂಪಿಯಾಡ್ ಮ್ಯಾಸಿಡೋನಿಯದ ಓಹ್ರಿಡ್‌ನಲ್ಲಿ ನಡೆಯಿತು. ಅಲ್ಬೇನಿಯದ ಗಡಿಗೆ ತಾಗಿಕೊಂಡ ಒಂದು ಪುರಾತನ ಸರೋವರದ ದಡದ ಊರು ಅದು. ಆ ಊರಿನ ಬಗ್ಗೆ ಓದುತ್ತ ಹೋದಾಗ ನನಗೆ ರೋಮಾಂಚನವಾದದ್ದು ಬೇರೆ ಕಾರಣಕ್ಕೆ. ಒಂಬತ್ತನೇ ಶತಮಾನದ ಕೊನೆಯಲ್ಲಿ ಸಂತ ಕ್ಲೆಮೆಂಟ್ ಎಂಬ ಗುರು ಓಹ್ರಿಡ್‌ನಲ್ಲಿ ಶಾಲೆ ಕಟ್ಟಿ ಸ್ಲಾವ್ ಜನರಿಗೆ ಅವರ ನುಡಿಯಲ್ಲೇ ಓದುಬರಹ ಕಲಿಸಿದನಂತೆ. ಸ್ಲಾವ್ ನುಡಿಗಳಿಗೆ ಅಕ್ಷರ ಹಬ್ಬಿದ ಮುಖ್ಯ ನೆಲೆಗಳಲ್ಲಿ ಅದೂ ಒಂದು. ಅಂದರೆ ಅದೂ ವಿದ್ಯಾರಂಭದ ಊರೇ.

ಅಲ್ಲಿ ಕಿಶನ್ ಕುಳಿತದ್ದು ಮೊದಲನೇ ಬೋರ್ಡಿನಲ್ಲಿ. ತಂಡದ ಪಂದ್ಯದಲ್ಲಿ ಮೊದಲನೇ ಬೋರ್ಡು ಎಂದರೆ ಎದುರಾಳಿ ದೇಶದ ಅತಿ ಬಲಶಾಲಿಯ ಎದುರು ಕೂರುವ ಜಾಗ. ಎಲ್ಲ ಸುತ್ತಿನಲ್ಲೂ, ಎಲ್ಲ ದಿನವೂ. ರಷ್ಯ, ಉಕ್ರೇನ್, ಪೋಲೆಂಡ್ ಈ ಆಟದಲ್ಲಿ ಬಹುಕಾಲದಿಂದ ಬೇರೂರಿದ ದೇಶಗಳು. ಅಂಥ ದೇಶಗಳ ನಡುವೆ ಭಾರತದ ತಂಡ ಆಡಬೇಕಿತ್ತು. ಆದರೆ ಮೊದಲನೇ ಬೋರ್ಡಿನ ಆಟಕ್ಕಾಗಿ ಕೊಡುವ ವೈಯಕ್ತಿಕ ಚಿನ್ನ ಕಿಶನ್ ಗಂಗೊಳ್ಳಿಯವರ ಕೊರಳಿಗೆ ಬಿತ್ತು. ಮರುವರ್ಷ, 2018ರ ಜಕಾರ್ತ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಇರಾನಿನ ಮಜೀದ್ ಬಾಘೇರಿಯನ್ನು ಸೋಲಿಸಿ ಬಿ2-ಬಿ3 ವಿಭಾಗದ ರ‍್ಯಾಪಿಡ್ ಚಿನ್ನವನ್ನೂ ತಂದರು.

ಓಹ್ರಿಡ್‌ನ ಸುದ್ದಿಯನ್ನು ನಾನು ಓದಿದ್ದು ಒಳಪುಟದ ಮೂಲೆಯಲ್ಲಿ, ಫೋಟೋ ಇಲ್ಲದ ನಾಲ್ಕೈದು ಸಾಲುಗಳಲ್ಲಿ. ಎರಡು ಸಲ ಓದಿದೆ, ಬೇರೆ ಪುಟದಲ್ಲಿ ಮುಂದುವರಿದಿರಬಹುದೆಂದು ಹುಡುಕಿದೆ. ಇರಲಿಲ್ಲ. 2024ರಲ್ಲಿ ಬುಡಾಪೆಸ್ಟ್ ಒಲಿಂಪಿಯಾಡಿನಲ್ಲಿ ಭಾರತದ ಎರಡೂ ತಂಡಗಳು ಚಿನ್ನ ಗೆದ್ದಾಗ, ಆಮೇಲೆ ಗುಕೇಶ್ ವಿಶ್ವ ಚಾಂಪಿಯನ್ ಆದಾಗ ನಮ್ಮ ಬಸ್‌ಸ್ಟ್ಯಾಂಡಿನ ಹೂವಿನವರೂ ಚದುರಂಗದ ಮಾತಾಡಿದರು. ಆಡಬೇಕಾದದ್ದೇ. ಅಂಥ ಹಬ್ಬದ ಒಂದು ಪಾಲು ಓಹ್ರಿಡ್‌ನ ಚಿನ್ನಕ್ಕೂ ಸಲ್ಲಬೇಕಿತ್ತು. ಕನಿಷ್ಠ ಗಂಗೊಳ್ಳಿ ಎಂಬ ಹೆಸರು ಹೊತ್ತ ಬಂದರಿನಲ್ಲಿ, ಘಟ್ಟದ ಬುಡದ ನಮ್ಮ ಶಾಲೆಗಳಲ್ಲಿ ಒಂದು ದಿನ ಆ ಹೆಸರು ಕೂಗಿ ಹೇಳಬೇಕಿತ್ತು.

ನನ್ನ ಕೈಲಾದದ್ದು ಇಷ್ಟು. ನೆರೆಮನೆಯಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಎರಡು ವರ್ಷದಿಂದ ದೃಷ್ಟಿ ಇಳಿಯುತ್ತ ಬಂದು ಈಗ ಬೆಳಕು ಕತ್ತಲು ಮಾತ್ರ ತಿಳಿಯುತ್ತದೆ. ತೂತಿನ ಮಣೆಗಳೆರಡನ್ನು ದೂರದಿಂದ ತರಿಸಿದೆ. ಮೊದಲ ದಿನ ಅವಳು ಕಾಯಿಗಳನ್ನು ಮುಟ್ಟಲೇ ಇಲ್ಲ, ತೂತುಗಳನ್ನು ಎಣಿಸಿದಳು. ಅರವತ್ತನಾಲ್ಕು ಸರಿಯಾಗಿ ಬರುವವರೆಗೆ ಮೂರು ಸಲ ಎಣಿಸಿದಳು. ಆಮೇಲೆ ಸಾಲುಗಳ ಹೆಸರು ಹೇಳಿಕೊಟ್ಟೆ. ಅನ್ನ, ಬೆಲ್ಲ ಎಂದಾಗ ಮುಖ ಅರಳಿತು. ಸೀಸರ್ ಎಂದಾಗ ತಲೆ ಕೊಡವಿದಳು. "ಅನ್ನ ಬೆಲ್ಲ ಆದ್ಮೇಲೆ ತಿಂಬುದೇ ಬರ್ಕ್ ಮಾವ" ಎಂದಳು.

ಮೂರನೆಯದಕ್ಕೆ ಚಟ್ನಿ ಎಂದು ತಾನೇ ಹೆಸರಿಟ್ಟಳು, ನಾಲ್ಕನೆಯದು ದೋಸೆ. ಎಳ್ಳು ನನ್ನ ಹೆಂಡತಿ ಕೊಟ್ಟದ್ದು. ಗಂಜಿ, ಹಲಸು ತಾವಾಗಿ ಬಂದವು. ಎಫ್ ಎಂಬ ಅಕ್ಷರಕ್ಕೆ ಎರಡು ದಿನ ಏನೂ ಹೊಳೆಯಲಿಲ್ಲ. ಮೂರನೇ ದಿನ ದೇವಸ್ಥಾನದಿಂದ ಅಜ್ಜಿಯ ಕೈಹಿಡಿದು ಬರುತ್ತಿದ್ದವಳು ನಮ್ಮ ಗೇಟಿನ ಹೊರಗಿನಿಂದಲೇ ಕೂಗಿದಳು, "ಫಲ!"

ನಾವು ಜಗಲಿಯಲ್ಲಿ ಎದುರುಬದುರು ಕುಳಿತೆವು. ಅವಳಿಗೆ ಬಿಳಿ ಕಾಯಿ. ಬೆರಳು ಮೊದಲ ಸಾಲನ್ನು ದಾಟಿ, ಎರಡನೇ ಸಾಲಿನ ಪದಾತಿಗಳ ತಲೆಗಳನ್ನು ಒಂದೊಂದಾಗಿ ನೇವರಿಸಿ, ನಾಲ್ಕನೆಯದರ ಮೇಲೆ ನಿಂತಿತು. ಗೂಟ ಕಿತ್ತು ಎರಡು ಮನೆ ಮುಂದಕ್ಕೆ ಕೂರಿಸಿದಳು.

"ದೋಸೆ ನಾಲ್ಕು."

"ದೋಸೆ ನಾಲ್ಕು" ಎಂದು ಮರಳಿ ಹೇಳಿ, ನನ್ನ ಮಣೆಯಲ್ಲೂ ಅದನ್ನು ಇಟ್ಟೆ.